ಡ್ರೈವರ್ ಮುಂದೇನು ಮಾಡ್ತಾರೆ ಅಂತ ಕಾರಿಗೆ ಗೊತ್ತಾಗೋದು ಹೇಗೆ? ಸ್ಟೀರಿಂಗ್, ಕ್ಯಾಮೆರಾ, ಮಾಡೆಲ್: ಯಾವುದು ಯಾರಿಗೆ

ಅಡಾಸ್, ಅಂದರೆ ಓಡಿಸುವವರಿಗೆ ಸಹಾಯ ಮಾಡುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಇರುವ ಕಾರು ತಗೊಂಡವರು ಮೊದಲ ವಾರದಲ್ಲೇ ಆಫ್ ಮಾಡಿಡುವ ಫೀಚರ್ ಯಾವುದು ಅಂತ ಕೇಳಿ ನೋಡಿ. ಹೆಚ್ಚಿನವರು ಲೇನ್ ವಾರ್ನಿಂಗ್ ಅನ್ನುತ್ತಾರೆ. ತುಮಕೂರು ರಸ್ತೆಯಲ್ಲಿ ಮುಂದಿನ ಲಾರಿಯನ್ನು ದಾಟೋಣ ಅಂತ ಇಂಡಿಕೇಟರ್ ಹಾಕದೆ ಸ್ವಲ್ಪ ಬಲಕ್ಕೆ ಎಳೆದರೆ ಸಾಕು, ಕಾರು ಬೀಪ್ ಬೀಪ್ ಅನ್ನುತ್ತೆ. ಕೆಲವು ಕಾರು ಸ್ಟೀರಿಂಗನ್ನೇ ವಾಪಸ್ ತಿರುಗಿಸಲು ನೋಡುತ್ತವೆ. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಲು ಆ ಕಾರಿಗೆ ಇರುವುದು ಒಂದೇ ಗುರುತು, ಇಂಡಿಕೇಟರ್. ಅದು ಬೀಳದಿದ್ದರೆ ನೀವು ತೂಕಡಿಸಿ ಲೇನ್ ಬಿಟ್ಟಿದ್ದೀರಿ ಅಂತಲೇ ಅದರ ಲೆಕ್ಕ.

ಈ ಲೆಕ್ಕವನ್ನು ಚುರುಕು ಮಾಡಲು ಹಲವು ದಾರಿ ಇವೆ. ಸ್ಟೀರಿಂಗ್ ಮತ್ತು ಪೆಡಲ್ ನೋಡಬಹುದು, ಕೈ ಎಲ್ಲಿದೆ ನೋಡಬಹುದು, ಮುಖ ಮತ್ತು ಕಣ್ಣು ನೋಡಬಹುದು, ಹೊರಗಿನ ರಸ್ತೆ ನೋಡಬಹುದು. ಸಿಕ್ಕ ಡೇಟಾವನ್ನು ನಾಲ್ಕು ಸಾಲಿನ ರೂಲ್‌ಗೂ ಕೊಡಬಹುದು, ಉದಾಹರಣೆಗಳನ್ನು ನೋಡಿ ತಾನೇ ಕಲಿಯುವ ದೊಡ್ಡ ನ್ಯೂರಲ್ ನೆಟ್‌ವರ್ಕ್‌ಗೂ ಕೊಡಬಹುದು. ಬೆಂಗಳೂರಿನಲ್ಲಿ ಬಾಷ್, ಮರ್ಸಿಡಿಸ್ ಥರದ ಕಂಪನಿಗಳ ದೊಡ್ಡ ಇಂಜಿನಿಯರಿಂಗ್ ಕೇಂದ್ರಗಳಿವೆ. ಅಂಥ ಕಡೆ ಹೊಸದಾಗಿ ಸೇರಿದವರು, ಫೈನಲ್ ಇಯರ್ ಪ್ರಾಜೆಕ್ಟ್ ಹುಡುಕುತ್ತಿರುವವರು, ಹತ್ತಿಪ್ಪತ್ತು ಗಾಡಿ ಇಟ್ಟುಕೊಂಡು ಟ್ರಾವೆಲ್ಸ್ ನಡೆಸುವವರು, ಈ ಮೂವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕಾರು ಕೊಳ್ಳುವವರಿಗೂ ಕೊನೆಯಲ್ಲಿ ಸ್ವಲ್ಪ ಇದೆ.

ಮೊದಲು ಪ್ರಶ್ನೆ ಸರಿಯಾಗಿರಲಿ

"ಡ್ರೈವರ್ ಬಿಹೇವಿಯರ್ ಪ್ರಿಡಿಕ್ಷನ್" ಅನ್ನುವ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳಿವೆ. ಡ್ರೈವರ್ ಈಗ ಯಾವ ಸ್ಥಿತಿಯಲ್ಲಿದ್ದಾರೆ, ಅಂದರೆ ನಿದ್ದೆ ಬರುತ್ತಿದೆಯಾ, ಫೋನ್ ನೋಡುತ್ತಿದ್ದಾರಾ ಅನ್ನುವುದು ಒಂದು. ಇನ್ನು ಎರಡು ಮೂರು ಸೆಕೆಂಡಿನಲ್ಲಿ ಏನು ಮಾಡುತ್ತಾರೆ, ಲೇನ್ ಬದಲಿಸುತ್ತಾರಾ, ತಿರುಗುತ್ತಾರಾ, ಬ್ರೇಕ್ ಒತ್ತುತ್ತಾರಾ ಅನ್ನುವುದು ಎರಡನೆಯದು. ಪಕ್ಕದ ಗಾಡಿಯವರು ಏನು ಮಾಡುತ್ತಾರೆ ಅನ್ನುವುದು ಮೂರನೆಯದು.

ಇವುಗಳನ್ನು ಬೆರೆಸಿಕೊಂಡು ತಿಂಗಳುಗಟ್ಟಲೆ ಹಾಳು ಮಾಡಿಕೊಳ್ಳುವವರು ಜಾಸ್ತಿ. ಹೈಡಿ ಅನ್ನುವ ಡೇಟಾಸೆಟ್ ತುಂಬಾ ಪ್ರಸಿದ್ಧ. 2018ರಲ್ಲಿ ಬಂದದ್ದು, ಜರ್ಮನಿಯ ಹೆದ್ದಾರಿಗಳ ಮೇಲೆ ಡ್ರೋನ್ ನಿಲ್ಲಿಸಿ ತೆಗೆದದ್ದು. ಅದರಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಗಾಡಿಗಳ ಚಲನೆ ಇದೆ. ಆದರೆ ಎಲ್ಲವೂ ಮೇಲಿನಿಂದ ಕಂಡ ಚೌಕಗಳು, ಒಳಗೆ ಕೂತವರ ಮುಖ ಇಲ್ಲ. ಅಕ್ಕಪಕ್ಕದ ಗಾಡಿಗಳ ನಡೆ ಊಹಿಸಲು ಅದು ಚಿನ್ನದಂಥ ಡೇಟಾ. ನಿಮ್ಮ ಡ್ರೈವರ್ ಕನ್ನಡಿ ನೋಡಿದರಾ ಇಲ್ಲವಾ ಅಂತ ಅದು ಯಾವತ್ತೂ ಹೇಳುವುದಿಲ್ಲ. ಇನ್ನು ಮುಂದೆ ನಾನು ಮಾತಾಡುವುದು ಮೊದಲ ಎರಡು ಕೆಲಸಗಳ ಬಗ್ಗೆ ಮಾತ್ರ.

ಒಂದು ಲೇನ್ ಬದಲಾವಣೆ, ಹತ್ತಿರದಿಂದ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ವೇಗ ಅಂತ ಇಟ್ಟುಕೊಳ್ಳಿ. ಮುಂದೆ ನಿಧಾನಕ್ಕೆ ಹೋಗುವ ಟೆಂಪೊ. ಮೊದಲು ಬಲಗಾಲು ಆಕ್ಸಿಲರೇಟರ್‌ನಿಂದ ಸ್ವಲ್ಪ ಸಡಿಲವಾಗುತ್ತೆ. ಆಮೇಲೆ ಕಣ್ಣು ಬಲಗಡೆ ಕನ್ನಡಿಗೆ ಹೋಗಿ ಬರುತ್ತೆ, ಒಮ್ಮೆ ಅಲ್ಲ, ಎರಡು ಸಲ. ತಲೆ ಸ್ವಲ್ಪ ತಿರುಗುತ್ತೆ. ಜಾಗ ಇದೆ ಅನ್ನಿಸಿದ ಮೇಲೆ ಕಾಲು ಮತ್ತೆ ಒತ್ತುತ್ತೆ. ಅಭ್ಯಾಸ ಇದ್ದವರು ಇಂಡಿಕೇಟರ್ ಹಾಕುತ್ತಾರೆ. ಕೊನೆಗೆ ಸ್ಟೀರಿಂಗ್ ಕೆಲವೇ ಡಿಗ್ರಿ ತಿರುಗುತ್ತೆ, ಅಷ್ಟೇ. ಆ ವೇಗದಲ್ಲಿ ಅದಕ್ಕಿಂತ ಜಾಸ್ತಿ ತಿರುಗಿಸುವ ಅಗತ್ಯವೂ ಇಲ್ಲ.

ಇದೆಲ್ಲ ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತೆ. ಸ್ಟೀರಿಂಗ್ ಮಾತ್ರ ನೋಡುವ ಸಿಸ್ಟಮ್‌ಗೆ ಸುದ್ದಿ ಸಿಗುವುದು ಕಟ್ಟಕಡೆಗೆ. ಮುಖ ನೋಡುವ ಸಿಸ್ಟಮ್‌ಗೆ ಎರಡು ಮೂರು ಸೆಕೆಂಡ್ ಮೊದಲೇ ಸಿಗುತ್ತೆ. 100ರ ವೇಗದಲ್ಲಿ ಒಂದು ಸೆಕೆಂಡ್ ಅಂದರೆ ಸುಮಾರು 28 ಮೀಟರ್. ಮೂರೂವರೆ ಸೆಕೆಂಡ್ ಮೊದಲೇ ಗೊತ್ತಾದರೆ 97 ಮೀಟರ್ ಕೈಯಲ್ಲಿರುತ್ತೆ.

ಹಾಗಾಗಿ ನಿಮಗೆ ಎಷ್ಟು ಸೆಕೆಂಡ್ ಮುಂಚೆ ಗೊತ್ತಾಗಬೇಕು, ಗೊತ್ತಾದ ಮೇಲೆ ಗಾಡಿ ಏನು ಮಾಡಬೇಕು, ಈ ಎರಡನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಆಮೇಲೆ ಸೆನ್ಸರ್ ಮಾತು ತೆಗೆಯಿರಿ. ಸುಮ್ನೆ ಬೀಪ್ ಮಾಡುವುದಾದರೆ ಒಂದು ಲೆಕ್ಕ, ಬ್ರೇಕ್ ಹಾಕುವುದಾದರೆ ಬೇರೆಯೇ ಲೆಕ್ಕ.

ಸ್ಟೀರಿಂಗ್ ಮತ್ತು ಪೆಡಲ್: ಅಗ್ಗ, ಗಟ್ಟಿ, ಆದರೆ ತಡ

ಈ ದಾರಿಯ ದೊಡ್ಡ ಲಾಭ ಅಂದರೆ ಹೊಸದಾಗಿ ಏನನ್ನೂ ಕೂರಿಸಬೇಕಿಲ್ಲ. ಸ್ಟೀರಿಂಗ್ ಕೋನ, ಪೆಡಲ್, ವೇಗ ಎಲ್ಲ ಕ್ಯಾನ್ ಬಸ್ (ಕಾರಿನ ಬಿಡಿ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ವೈರಿಂಗ್ ಜಾಲ) ಮೇಲೆ ಆಗಲೇ ಓಡಾಡುತ್ತಿರುತ್ತವೆ.

ಇದರ ಅತ್ಯಂತ ಯಶಸ್ವಿ ಉದಾಹರಣೆ ಬ್ರೇಕ್ ಅಸಿಸ್ಟ್. 1996ರಲ್ಲಿ ಮರ್ಸಿಡಿಸ್ ತಂದದ್ದು. ಅಪಾಯ ಕಂಡಾಗ ಜನ ಬ್ರೇಕ್ ಪೆಡಲನ್ನು ಬೇಗ ಒತ್ತುತ್ತಾರೆ, ಆದರೆ ಜೋರಾಗಿ ಒತ್ತುವುದಿಲ್ಲ ಅಂತ ಬರ್ಲಿನ್‌ನ ಅವರ ಸಿಮ್ಯುಲೇಟರ್‌ನಲ್ಲಿ ಕಂಡಿತ್ತು. ಹಾಗಾಗಿ ಪೆಡಲ್ ಎಷ್ಟು ವೇಗವಾಗಿ ಕೆಳಗೆ ಹೋಯಿತು ಅನ್ನುವುದನ್ನೇ ಅಳೆದು, "ಇವರಿಗೆ ಪೂರ್ತಿ ಬ್ರೇಕ್ ಬೇಕು" ಅಂತ ತೀರ್ಮಾನಿಸಿ ಉಳಿದ ಒತ್ತಡವನ್ನು ಯಂತ್ರವೇ ಹಾಕುತ್ತೆ. ಅದರಲ್ಲಿ ಯಾವ ಎಐ ಕೂಡ ಇಲ್ಲ. ಡ್ರೈವರ್ ಉದ್ದೇಶ ಊಹಿಸುವ ಸಿಸ್ಟಮ್ ಅಂದರೆ ಜನ ಇದನ್ನು ನೆನೆಸಿಕೊಳ್ಳುವುದೇ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಇದೇ.

ನಿದ್ದೆ ಪತ್ತೆಗೂ ಇದೇ ದಾರಿ ಬಂತು. 2009ರಲ್ಲಿ ಮರ್ಸಿಡಿಸ್‌ನ ಅಟೆನ್ಷನ್ ಅಸಿಸ್ಟ್ ಬಂದಾಗ ಅದು ಹುಡುಕುತ್ತಿದ್ದದ್ದು ಒಂದು ವಿಶೇಷ ನಮೂನೆ. ಎಚ್ಚರ ಇರುವವರು ಸ್ಟೀರಿಂಗನ್ನು ಚೂರುಚೂರೇ ಸರಿಪಡಿಸುತ್ತಲೇ ಇರುತ್ತಾರೆ. ಮಂಪರು ಬಂದವರು ಸ್ವಲ್ಪ ಹೊತ್ತು ಏನೂ ಮಾಡುವುದಿಲ್ಲ, ಆಮೇಲೆ ಥಟ್ಟನೆ ಜೋರಾಗಿ ಎಳೆಯುತ್ತಾರೆ. ಅದಕ್ಕೂ ಮೊದಲು, 2007ರಲ್ಲಿ, ವೋಲ್ವೊ ಲೇನ್ ಗೆರೆಗಳ ನಡುವೆ ಕಾರು ಹೇಗೆ ಓಲಾಡುತ್ತೆ ಅನ್ನುವುದನ್ನು ಮುಂದಿನ ಕ್ಯಾಮೆರಾದಿಂದ ನೋಡುವ ಡ್ರೈವರ್ ಅಲರ್ಟ್ ತಂದಿತ್ತು. ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳ "ಕಾಫಿ ಕಪ್" ಎಚ್ಚರಿಕೆ ಈ ಎರಡು ಜಾತಿಗೇ ಸೇರಿದ್ದು.

ತೊಂದರೆಗಳು ನಮ್ಮ ರಸ್ತೆಯಲ್ಲಿ ಬೇಗ ಗೊತ್ತಾಗುತ್ತವೆ. ಮೊದಲ ಅಟೆನ್ಷನ್ ಅಸಿಸ್ಟ್ ಕೆಲಸ ಮಾಡುತ್ತಿದ್ದದ್ದು ಗಂಟೆಗೆ 80ರಿಂದ 180 ಕಿ.ಮೀ. ನಡುವೆ. ವೋಲ್ವೊದ್ದು 65ರ ಮೇಲೆ. ಸಿಲ್ಕ್ ಬೋರ್ಡ್ ಹತ್ತಿರ ಇಂಥದ್ದು ಕಣ್ಣು ಬಿಡುವುದೇ ಇಲ್ಲ. ಲೇನ್ ಗೆರೆ ಅಳಿಸಿಹೋದ ಕಡೆ ವೋಲ್ವೊ ಮಾದರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಗುಂಡಿ ತಪ್ಪಿಸಲು ಥಟ್ಟನೆ ಎಳೆದದ್ದನ್ನೂ ಮಂಪರಿನ ಎಳೆತವನ್ನೂ ಬೇರ್ಪಡಿಸುವುದು ಕಷ್ಟ.

ಇನ್ನೊಂದು ತೊಡಕನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಲೇನ್ ಕೀಪಿಂಗ್ ಆನ್ ಇದ್ದಾಗ ಸ್ಟೀರಿಂಗ್ ತಿರುಗಿಸುತ್ತಿರುವುದು ಯಂತ್ರ. ಆಗ ಸ್ಟೀರಿಂಗ್ ನಮೂನೆ ನೋಡಿದರೆ ಸಿಗುವುದು ಯಂತ್ರದ ನಡವಳಿಕೆ, ಡ್ರೈವರ್‌ದಲ್ಲ. ಸಹಾಯ ಜಾಸ್ತಿ ಆದಷ್ಟೂ ಈ ಸೆನ್ಸರ್ ಕುರುಡಾಗುತ್ತೆ. ಲೆವೆಲ್ 2 ಗಾಡಿಗೆ, ಅಂದರೆ ಸ್ಟೀರಿಂಗ್ ಮತ್ತು ವೇಗ ಎರಡನ್ನೂ ಕಾರು ನೋಡಿಕೊಂಡರೂ ಡ್ರೈವರ್ ಗಮನ ಇಡಲೇಬೇಕಾದ ಗಾಡಿಗೆ, ಕೆಲಸ ಮಾಡುವವರು ಇದೊಂದೇ ಕಾರಣಕ್ಕೆ ಬೇರೆ ಸೆನ್ಸರ್ ಹುಡುಕಲೇಬೇಕು.

ಕೈ ಹಿಡಿದಿದ್ದಾರಾ?

ಇಲ್ಲಿ ಎರಡು ಆಯ್ಕೆ. ಪವರ್ ಸ್ಟೀರಿಂಗ್‌ನ ಟಾರ್ಕ್ (ತಿರುಗಿಸುವ ಬಲ) ಸೆನ್ಸರ್‌ನಿಂದ ಕೈಯ ಭಾರ ತಿಳಿಯುವುದು, ಅಥವಾ ಸ್ಟೀರಿಂಗ್ ಹೊದಿಕೆಯ ಕೆಳಗೆ ಕೆಪ್ಯಾಸಿಟಿವ್ ಪದರ ಹಾಕಿ ಸ್ಪರ್ಶ ತಿಳಿಯುವುದು. ಟಾರ್ಕ್ ಅಗ್ಗ, ಆದರೆ ಹಗುರವಾಗಿ ಕೈ ಇಟ್ಟವರನ್ನೂ "ಕೈ ಬಿಟ್ಟಿದ್ದೀರಿ" ಅಂತ ಬೈಯುತ್ತೆ, ಸ್ಟೀರಿಂಗ್‌ಗೆ ಭಾರ ಕಟ್ಟಿದರೆ ಮೋಸವೂ ಹೋಗುತ್ತೆ. ಟೆಸ್ಲಾ ವರ್ಷಗಟ್ಟಲೆ ಟಾರ್ಕ್ ನಂಬಿಕೊಂಡಿತ್ತು, 2021ರಲ್ಲಿ ಒಳಗಿನ ಕ್ಯಾಮೆರಾವನ್ನೂ ಬಳಸಲು ಶುರು ಮಾಡಿತು. ಲೇನ್ ನಡುವೆ ಕಾರು ಹಿಡಿದಿಡುವ ಸಿಸ್ಟಮ್‌ಗಳಿಗೆ ವಿಶ್ವಸಂಸ್ಥೆಯ ಆರ್79 ನಿಯಮ ಇದೆ. ಅದರ ಪ್ರಕಾರ ಕೈ ಬಿಟ್ಟ 15 ಸೆಕೆಂಡ್ ಒಳಗೆ ಎಚ್ಚರಿಕೆ ಕಾಣಬೇಕು. ಅಂದರೆ ಕೈ ಪತ್ತೆ ಹಚ್ಚುವುದು ನಿಯಮ ಪಾಲಿಸಲು ಬೇಕೇ ಬೇಕು. ಮುಂದಿನದನ್ನು ಊಹಿಸಲು ಮಾತ್ರ ಅಷ್ಟು ಉಪಯೋಗವಿಲ್ಲ.

ಕ್ಯಾಮೆರಾ: ಬೇಗ ಗೊತ್ತಾಗುತ್ತೆ, ತಲೆನೋವೂ ಜಾಸ್ತಿ

2006ರಲ್ಲೇ ಲೆಕ್ಸಸ್ ಸ್ಟೀರಿಂಗ್ ಕಾಲಂ ಮೇಲೆ ಇನ್‌ಫ್ರಾರೆಡ್ ಕ್ಯಾಮೆರಾ ಕೂರಿಸಿತ್ತು. ಮುಂದೆ ಡಿಕ್ಕಿಯಾಗುವ ಸೂಚನೆ ಇದ್ದು, ಡ್ರೈವರ್ ಮುಖ ಬೇರೆ ಕಡೆ ಇದ್ದರೆ ಅಲಾರಂ ಬೇಗ ಕೊಡುವುದು ಅದರ ಕೆಲಸ. ಈ ಯೋಚನೆ ಇವತ್ತಿಗೂ ನನಗೆ ತುಂಬಾ ಹಿಡಿಸುತ್ತೆ. ಕ್ಯಾಮೆರಾ ತಾನಾಗಿ ಏನೂ ಕೂಗುವುದಿಲ್ಲ, ಬೇರೆ ಸಿಸ್ಟಮ್ ಯಾವಾಗ ಕೂಗಬೇಕು ಅಂತ ಮಾತ್ರ ಹೇಳುತ್ತೆ. 2017ರಲ್ಲಿ ಜಿಎಂ ಸೂಪರ್ ಕ್ರೂಸ್ ಬಂದಾಗ ಕೈ ಬಿಟ್ಟು ಓಡಿಸಲು ಬಿಟ್ಟದ್ದೂ ಇಂಥ ಕ್ಯಾಮೆರಾದ ಭರವಸೆಯ ಮೇಲೇ.

ಕಾಲೇಜು ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೆ ಪ್ರತಿ ವರ್ಷ ಒಂದಾದರೂ ನಿದ್ದೆ ಪತ್ತೆ ಸ್ಟಾಲ್ ಇರುತ್ತೆ. ಲ್ಯಾಪ್‌ಟಾಪ್ ವೆಬ್‌ಕ್ಯಾಮ್, ಕಣ್ಣಿನ ಸುತ್ತ ಆರು ಚುಕ್ಕಿ, ಎತ್ತರಕ್ಕೂ ಅಗಲಕ್ಕೂ ಇರುವ ಅನುಪಾತ, ಅದು 0.25ಕ್ಕಿಂತ ಇಳಿದರೆ ಬಝರ್. ಟ್ಯೂಬ್‌ಲೈಟ್ ಕೆಳಗೆ ಚೆನ್ನಾಗಿಯೇ ಓಡುತ್ತೆ. ಗಾಡಿಯೊಳಗೆ ಇಟ್ಟರೆ ಕಥೆ ಬೇರೆ. ನಿದ್ದೆಯ ಅಪಾಯ ಜಾಸ್ತಿ ಇರುವ ರಾತ್ರಿ ಹೊತ್ತಿನಲ್ಲೇ ವೆಬ್‌ಕ್ಯಾಮ್‌ಗೆ ಏನೂ ಕಾಣುವುದಿಲ್ಲ. ಎಲ್ಲರ ಕಣ್ಣಿನ ಆಕಾರ ಒಂದೇ ಥರ ಇರುವುದಿಲ್ಲ, ಆದ್ದರಿಂದ ಒಂದೇ ಗಡಿ ಎಲ್ಲರಿಗೂ ಹೊಂದುವುದಿಲ್ಲ. ನಕ್ಕರೂ ಕಣ್ಣು ಕಿರಿದಾಗುತ್ತೆ, ಎದುರು ಬಿಸಿಲಿಗೂ ಕಿರಿದಾಗುತ್ತೆ.

ಪ್ರಾಜೆಕ್ಟ್ ಗಟ್ಟಿಯಾಗಬೇಕಾದರೆ ಎರಡು ಬದಲಾವಣೆ ಮಾಡಿ. ಒಂದು, ಇನ್‌ಫ್ರಾರೆಡ್ ಕ್ಯಾಮೆರಾ ಮತ್ತು ಎಲ್‌ಇಡಿ. 850 ನ್ಯಾನೋಮೀಟರ್ ಎಲ್‌ಇಡಿ ಕತ್ತಲಲ್ಲಿ ಮಂದ ಕೆಂಪಾಗಿ ಕಾಣುತ್ತೆ. 940 ಕಣ್ಣಿಗೆ ಕಾಣುವುದಿಲ್ಲ, ಬಿಸಿಲಿನಲ್ಲೂ ಆ ಅಲೆಯ ಬೆಳಕು ಕಡಿಮೆ ಇರುವುದರಿಂದ ಅಡ್ಡಿ ಕಡಿಮೆ. ಆದರೆ ಕ್ಯಾಮೆರಾ ಚಿಪ್ ಆ ಅಲೆಗೆ ಅಷ್ಟು ಚುರುಕಲ್ಲ, ಎಲ್‌ಇಡಿ ಜೋರಾಗಿರಬೇಕು. ಎಷ್ಟೋ ಕಪ್ಪು ಕನ್ನಡಕಗಳು ಈ ಬೆಳಕನ್ನು ಒಳಗೆ ಬಿಡುತ್ತವೆ, ಕೆಲವು ಬಿಡುವುದಿಲ್ಲ. ಪವರ್ ಕನ್ನಡಕದ ಮೇಲೆ ಎಲ್‌ಇಡಿಯ ಬಿಳಿ ಚುಕ್ಕೆ ಪಾಪೆಯ ಮೇಲೇ ಬಿದ್ದು ಕೂತರೆ ಆ ಕ್ಷಣಕ್ಕೆ ಕಣ್ಣೇ ಮಾಯ.

ಎರಡು, ಒಂದು ಫ್ರೇಮ್ ನೋಡಿ ತೀರ್ಮಾನ ಮಾಡಬೇಡಿ. ಪರ್‌ಕ್ಲೋಸ್ ಅನ್ನುವ ಹಳೆಯ ಅಳತೆ ಇದೆ, 1990ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದದ್ದು. ಒಂದು ನಿಮಿಷದ ಅವಧಿಯಲ್ಲಿ ರೆಪ್ಪೆ 80 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಮುಚ್ಚಿದ್ದ ಸಮಯದ ಪಾಲು ಎಷ್ಟು ಅಂತ ಅದು ನೋಡುತ್ತೆ. ಮಿಟುಕಿಸುವುದು ಅದರಲ್ಲಿ ಕರಗಿಹೋಗುತ್ತೆ.

ಲೇನ್ ಬದಲಾವಣೆ ಊಹಿಸುವುದಾದರೆ ಕಣ್ಣಿಗಿಂತ ತಲೆಯ ಚಲನೆ ಹೆಚ್ಚು ನಂಬಿಕೆಗೆ ಅರ್ಹ ಅಂತ 2009ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ದೋಷಿ ಮತ್ತು ತ್ರಿವೇದಿ ತೋರಿಸಿದರು. ಕಣ್ಣು ಸುಮ್ಮನೆ ಎಲ್ಲೆಲ್ಲೋ ಓಡಾಡುತ್ತಿರುತ್ತೆ, ತಲೆಯನ್ನು ಮಾತ್ರ ಕಾರಣವಿಲ್ಲದೆ ತಿರುಗಿಸುವುದು ಕಡಿಮೆ. ಇದು ಬಜೆಟ್‌ಗೂ ಒಳ್ಳೆಯ ಸುದ್ದಿ, ಯಾಕೆಂದರೆ ತಲೆ ಅಳೆಯಲು ದುಬಾರಿ ಕ್ಯಾಮೆರಾ ಬೇಕಿಲ್ಲ.

ಕ್ಯಾಮೆರಾಗೂ ಕಾಣದ್ದು ಒಂದಿದೆ. ಕಣ್ಣು ರಸ್ತೆ ಮೇಲೇ ಇದ್ದು ಮನಸ್ಸು ಮನೆ ಸಾಲದ ಕಂತಿನ ಮೇಲಿದ್ದರೆ ಅದು ಗೊತ್ತಾಗುವುದು ಬಹಳ ಕಷ್ಟ.

ರೂಲ್, ಎಚ್‌ಎಂಎಂ, ಎಲ್‌ಎಸ್‌ಟಿಎಂ

1999ರಲ್ಲಿ ಪೆಂಟ್‌ಲ್ಯಾಂಡ್ ಮತ್ತು ಲಿಯು ಅನ್ನುವ ಸಂಶೋಧಕರು ಸಿಮ್ಯುಲೇಟರ್‌ನಲ್ಲಿ ಹಿಡನ್ ಮಾರ್ಕೋವ್ ಮಾಡೆಲ್ (ಎಚ್‌ಎಂಎಂ, ಕಣ್ಣಿಗೆ ಕಾಣುವ ಸುಳಿವಿನಿಂದ ಕಾಣದ ಹಂತವನ್ನು ಊಹಿಸುವ ಲೆಕ್ಕ) ಬಳಸಿ, ಕ್ರಿಯೆ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಡ್ರೈವರ್ ಏನು ಮಾಡುತ್ತಿದ್ದಾರೆ ಅಂತ ಗುರುತಿಸಬಹುದು ಅಂತ ತೋರಿಸಿದರು. ಕನ್ನಡಿ ನೋಡು, ಸಿದ್ಧವಾಗು, ತಿರುಗಿಸು ಅಂತ ಹಂತಗಳಿರುವ ಕೆಲಸಕ್ಕೆ ಈ ಮಾಡೆಲ್ ಸಹಜವಾಗಿ ಹೊಂದುತ್ತೆ. 2015ರಲ್ಲಿ ಬ್ರೇನ್‌ಫೋರ್‌ಕಾರ್ಸ್ ಯೋಜನೆ ಅದನ್ನು ನಿಜವಾದ ರಸ್ತೆಗೆ ತಂದಿತು. 10 ಡ್ರೈವರ್, 1,180 ಮೈಲಿ, ಒಳಗೊಂದು ಹೊರಗೊಂದು ಕ್ಯಾಮೆರಾ. ತಿರುವು ಮತ್ತು ಲೇನ್ ಬದಲಾವಣೆಯನ್ನು ಸರಾಸರಿ ಮೂರೂವರೆ ಸೆಕೆಂಡ್ ಮೊದಲೇ ಹೇಳಿತು. ಅದೇ ತಂಡ ಮುಂದೆ ಎಲ್‌ಎಸ್‌ಟಿಎಂ (ಹಿಂದಿನ ಕ್ಷಣಗಳನ್ನು ನೆನಪಿಟ್ಟುಕೊಳ್ಳುವ ನ್ಯೂರಲ್ ನೆಟ್‌ವರ್ಕ್) ಬಳಸಿ ಪ್ರಿಸಿಷನ್ ಅನ್ನು, ಅಂದರೆ ಹೇಳಿದ ಊಹೆಗಳಲ್ಲಿ ಸರಿಯಾದವುಗಳ ಪಾಲನ್ನು, 90 ಶೇಕಡಾ ದಾಟಿಸಿತು. ಈಗ ಎಲ್ಲರ ಬಾಯಲ್ಲೂ ಟ್ರಾನ್ಸ್‌ಫಾರ್ಮರ್, ಚಾಟ್‌ಬಾಟ್‌ಗಳ ಒಳಗಿರುವ ಜಾತಿಯ ನ್ಯೂರಲ್ ನೆಟ್‌ವರ್ಕ್.

ನನ್ನ ಸಲಹೆ ಸ್ವಲ್ಪ ಹಳೇ ಕಾಲದ್ದು. ಮೊದಲು ರೂಲ್ ಬರೆಯಿರಿ, ಆಮೇಲೆ ಡಿಸಿಷನ್ ಟ್ರೀ (ಹೌದು–ಇಲ್ಲ ಪ್ರಶ್ನೆಗಳ ಸರಣಿಯಿಂದ ತೀರ್ಮಾನಕ್ಕೆ ಬರುವ) ಜಾತಿಯ ಮಾಡೆಲ್ ಹಾಕಿ. ಇವೆರಡನ್ನೂ ಎಲ್‌ಎಸ್‌ಟಿಎಂ ಸ್ಪಷ್ಟವಾಗಿ ಸೋಲಿಸಿದರೆ ಮಾತ್ರ ಮುಂದೆ ಹೋಗಿ. ಟ್ರಾನ್ಸ್‌ಫಾರ್ಮರ್ ಬೇಕಾಗುವುದು ನಿಮ್ಮ ಹತ್ತಿರ ನೂರಾರು ಡ್ರೈವರ್‌ಗಳ ಡೇಟಾ ಇದ್ದಾಗ. ಪರೀಕ್ಷೆ ಮಾಡುವಾಗ ಡೇಟಾವನ್ನು ಕ್ಲಿಪ್ ಲೆಕ್ಕದಲ್ಲಿ ಹಂಚಬೇಡಿ, ಡ್ರೈವರ್ ಲೆಕ್ಕದಲ್ಲಿ ಹಂಚಿ. ಒಬ್ಬರದೇ ಕ್ಲಿಪ್‌ಗಳು ತರಬೇತಿಗೂ ಪರೀಕ್ಷೆಗೂ ಬಂದರೆ ಮಾಡೆಲ್ ಆ ಮುಖವನ್ನು ಬಾಯಿಪಾಠ ಮಾಡಿಬಿಡುತ್ತೆ. ವರದಿಯಲ್ಲಿ 97 ಶೇಕಡಾ ಕಾಣುತ್ತೆ, ಹೊಸಬರು ಕೂತ ದಿನ ಬಣ್ಣ ಬಯಲಾಗುತ್ತೆ.

ಶೇಕಡಾ ಲೆಕ್ಕದಲ್ಲೇ ಇನ್ನೊಂದು ಮೋಸ ಇದೆ. ಸಿಸ್ಟಮ್ ಸೆಕೆಂಡಿಗೆ 10 ಸಲ ತೀರ್ಮಾನ ಮಾಡಿದರೆ ಗಂಟೆಗೆ 36,000 ತೀರ್ಮಾನ. 99 ಶೇಕಡಾ ಸರಿ ಅಂದರೂ ಗಂಟೆಗೆ 360 ತಪ್ಪು. ಅದರಲ್ಲಿ ಕಾಲು ಭಾಗ ಬೀಪ್ ಆದರೂ ಯಾರೂ ಸಹಿಸುವುದಿಲ್ಲ. ಹಾಗಾಗಿ ಯಾರಾದರೂ "ಆಕ್ಯುರೆಸಿ ಎಷ್ಟು" ಅಂತ ಕೇಳಿದರೆ, ಗಂಟೆಗೆ ಎಷ್ಟು ಸುಳ್ಳು ಅಲಾರಂ ಅನ್ನುವುದನ್ನೂ ಜೊತೆಗೇ ಹೇಳಿ.

ನಮ್ಮ ರಸ್ತೆಗೆ ತರುವಾಗ

ಹೈದರಾಬಾದಿನ ಐಐಐಟಿಯವರ ಇಂಡಿಯನ್ ಡ್ರೈವಿಂಗ್ ಡೇಟಾಸೆಟ್‌ನಲ್ಲಿ ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳಿವೆ, ಆಟೋಗೆ ಪ್ರತ್ಯೇಕ ವರ್ಗವೇ ಇದೆ. ಹೊರಗಿನ ನೋಟಕ್ಕೆ ಅಲ್ಲಿಂದ ಶುರು ಮಾಡಬಹುದು. ಲೇನೇ ಇಲ್ಲದ ಕಡೆ "ಲೇನ್ ಬದಲಾವಣೆ" ಅನ್ನುವ ಲೇಬಲ್‌ಗೆ, ಅಂದರೆ ಮಾಡೆಲ್‌ಗೆ ಕಲಿಸಲು ಪ್ರತಿ ಕ್ಲಿಪ್‌ಗೆ ಹಚ್ಚುವ ಉತ್ತರಕ್ಕೆ, ಅರ್ಥ ಇರುವುದಿಲ್ಲ. ಮುಂದಿನ ಯಾವ ಖಾಲಿ ಜಾಗಕ್ಕೆ ಗಾಡಿ ನುಗ್ಗುತ್ತೆ ಅಂತ ಲೇಬಲ್ ಮಾಡುವುದು ವಾಸಿ.

ಇಂಡಿಕೇಟರ್ ಬಗ್ಗೆಯೂ ಹುಷಾರು. ಹೆದ್ದಾರಿಯಲ್ಲಿ ಲಾರಿಯವರು ಬಲ ಇಂಡಿಕೇಟರ್ ಹಾಕಿದರೆ ಕೆಲವು ಸಲ "ದಾಟಿ ಹೋಗಿ" ಅಂತ, ಕೆಲವು ಸಲ "ನಾನೇ ಬಲಕ್ಕೆ ಬರ್ತಿದ್ದೀನಿ, ಬರಬೇಡಿ" ಅಂತ. ಹಾರ್ನ್ ಮತ್ತು ಡಿಪ್ಪರ್ ನಮ್ಮಲ್ಲಿ ಉದ್ದೇಶವನ್ನು ಹೆಚ್ಚು ನಿಜವಾಗಿ ಹೇಳುತ್ತವೆ. ಓವರ್‌ಟೇಕ್ ಮಾಡುವ ಮುಂಚೆ ಹಾರ್ನ್ ಬಾರಿಸುವವರೇ ಜಾಸ್ತಿ ಅಲ್ವಾ? ಅವನ್ನು ಇನ್‌ಪುಟ್ ಪಟ್ಟಿಗೆ ಸೇರಿಸಿ. ವಿದೇಶಿ ಮಾಡೆಲ್‌ಗಳಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾದರೆ ಯಾವುದು ತಗೊಳ್ಳೋದು?

ಪ್ರಾಜೆಕ್ಟ್ ಮಾಡುವವರಿಗೆ: ತಲೆ ಚಲನೆ, ಜೊತೆಗೆ ಒಬಿಡಿ ಪೋರ್ಟ್‌ನಿಂದ (ಸರ್ವಿಸ್‌ನವರು ಕಾರಿನ ಡೇಟಾ ಓದಲು ಬಳಸುವ ಸಾಕೆಟ್) ವೇಗ, ಮೇಲೆ ಒಂದು ಸಣ್ಣ ಮಾಡೆಲ್. ನಿದ್ದೆ ಪತ್ತೆಗಿಂತ ಇದು ಹೊಸದು, ಲೇಬಲ್ ಮಾಡುವುದೂ ಸುಲಭ. ನಿದ್ದೆಗೆ ಲೇಬಲ್ ಹಾಕುವುದೇ ಕಷ್ಟ. ಸಂಶೋಧಕರು ಬಳಸುವ ಕರೋಲಿನ್ಸ್ಕಾ ಪಟ್ಟಿ 1ರಿಂದ 9ರವರೆಗೆ "ನಿಮಗೆ ಎಷ್ಟು ನಿದ್ದೆ ಬರ್ತಿದೆ" ಅಂತ ಡ್ರೈವರನ್ನೇ ಕೇಳುತ್ತೆ.

ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಆಯ್ಕೆ ಎಷ್ಟೋ ಸಲ ನಿಯಮದಿಂದಲೇ ಆಗಿರುತ್ತೆ. ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ವಾಹನಗಳಿಗೂ ನಿದ್ದೆ ಎಚ್ಚರಿಕೆ ಕಡ್ಡಾಯ. 70 ಕಿ.ಮೀ. ಮೇಲೆ ಅದು ಕೆಲಸ ಮಾಡಬೇಕು, ಕರೋಲಿನ್ಸ್ಕಾ ಪಟ್ಟಿಯ 8ನೇ ಮಟ್ಟಕ್ಕೆ ಎಚ್ಚರಿಸಬೇಕು. ಇದನ್ನು ಸ್ಟೀರಿಂಗ್‌ನಿಂದಲೂ ಮಾಡಬಹುದು. ಗಮನ ತಪ್ಪಿದ್ದಕ್ಕೆ ಎಚ್ಚರಿಸುವ ನಿಯಮ ಬೇರೆ ಇದೆ. 50ಕ್ಕಿಂತ ಹೆಚ್ಚು ವೇಗದಲ್ಲಿ ಮೂರೂವರೆ ಸೆಕೆಂಡ್ ಕೆಳಗೆ ನೋಡುತ್ತಿದ್ದರೆ ಎಚ್ಚರಿಸಬೇಕು ಅನ್ನುತ್ತೆ ಅದು. ಇದು ಕ್ಯಾಮೆರಾ ಇಲ್ಲದೆ ಆಗುವ ಮಾತಲ್ಲ. ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ಕೂಡ 2023ರಿಂದ ಡ್ರೈವರನ್ನು ನೇರವಾಗಿ ನೋಡುವ ಸಿಸ್ಟಮ್‌ಗೆ ಅಂಕ ಕೊಡುತ್ತಿದೆ. ಆ ಮಾರುಕಟ್ಟೆಗೆ ಕೆಲಸ ಮಾಡುತ್ತಿದ್ದರೆ ಸ್ಟೀರಿಂಗ್ ಸಾಕಾ ಅನ್ನುವ ಚರ್ಚೆ ಮುಗಿದಿದೆ.

ಟ್ರಾವೆಲ್ಸ್‌ನವರಿಗೆ: ಕ್ಯಾಮೆರಾ ಇರುವುದನ್ನೇ ತಗೊಳ್ಳಿ. ರಾತ್ರಿ ಬಸ್ಸಿನಲ್ಲಿ ಮುಖ ನೋಡದೆ ನಿದ್ದೆ ಹಿಡಿಯುವುದು ಕಷ್ಟ, ಹಳೇ ಗಾಡಿಗೆ ಹೊರಗಿನಿಂದ ಕೂರಿಸಲೂ ಇದೇ ಸುಲಭ. ಬಸ್ ಮತ್ತು ಲಾರಿಗಳಿಗೆ ಇಂಥ ಎಚ್ಚರಿಕೆ ಸಿಸ್ಟಮ್ ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಹೊರಡಿಸಿದೆ. ಆದರೆ ಡ್ರೈವರ್‌ಗಳಿಗೆ ಮೊದಲೇ ಕೂತು ಹೇಳಿ. ವಿಡಿಯೊ ಎಲ್ಲಿಗೆ ಹೋಗುತ್ತೆ, ಯಾರು ನೋಡುತ್ತಾರೆ, ಸಂಬಳ ಕಡಿತಕ್ಕೆ ಬಳಸುತ್ತಾರಾ ಅನ್ನುವುದೇ ಅವರ ಚಿಂತೆ. ಹೇಳದೆ ಕೂರಿಸಿದರೆ ಮರುದಿನವೇ ಲೆನ್ಸ್ ಮೇಲೆ ಟೇಪ್ ಬೀಳುತ್ತೆ. ಯುರೋಪಿನ ನಿಯಮ ಡೇಟಾ ಗಾಡಿಯೊಳಗೇ ಬಳಕೆಯಾಗಬೇಕು, ಬೇರೆಯವರ ಕೈಗೆ ಹೋಗಬಾರದು ಅನ್ನುತ್ತೆ. ವಿಡಿಯೊ ಸರ್ವರ್‌ಗೆ ಕಳಿಸದೆ ಗಾಡಿಯಲ್ಲೇ ತೀರ್ಮಾನ ಮಾಡುವ ಯಂತ್ರ ಸಿಕ್ಕರೆ ನಾಲ್ಕು ಕಾಸು ಜಾಸ್ತಿ ಆದರೂ ಅದೇ ಇರಲಿ.

ಕಾರು ಕೊಳ್ಳುವವರು ಬ್ರೋಷರ್‌ನಲ್ಲಿ "ಡ್ರೌಸಿನೆಸ್ ಅಲರ್ಟ್" ಅಂತ ನೋಡಿ ಖುಷಿಯಾಗುವ ಮೊದಲು ಅದು ಸ್ಟೀರಿಂಗ್ ನೋಡುತ್ತಾ, ಮುಖ ನೋಡುತ್ತಾ ಅಂತ ಕೇಳಿ. ಮಹೀಂದ್ರಾದ ಬಿಇ 6, ಎಕ್ಸ್‌ಇವಿ 9ಇ ಥರದ ಕಾರುಗಳಲ್ಲಿ ಮುಖ ನೋಡುವ ಕ್ಯಾಮೆರಾ ಇರುವ ಆವೃತ್ತಿಗಳಿವೆ, ಆದರೆ ಎಲ್ಲ ವೇರಿಯಂಟ್‌ನಲ್ಲೂ ಇದೆ ಅಂತ ತಿಳಿಯಬೇಡಿ. ಟೆಸ್ಟ್ ಡ್ರೈವ್‌ಗೆ ಆದಷ್ಟು ಸಂಜೆ ಹೊತ್ತು ಹೋಗಿ, ನೀವು ದಿನಾ ಹಾಕುವ ಕನ್ನಡಕ ಹಾಕಿಕೊಂಡೇ ಹೋಗಿ. ಎಷ್ಟು ವೇಗದ ಮೇಲೆ ಅದು ಶುರುವಾಗುತ್ತೆ ಅನ್ನುವುದು ಓನರ್ಸ್ ಮ್ಯಾನುಯಲ್‌ನಲ್ಲಿ ಬರೆದಿರುತ್ತೆ, ಅಡ್ವಾನ್ಸ್ ಕೊಡುವ ಮೊದಲೇ ಆ ಪುಟ ತೆಗೆಸಿ ನೋಡಿ.